ವರ್ಕಾಡಿಯ ಉದ್ಯಮಿ

ಕಾಸರಗೋಡಿನಲ್ಲಿ ಉದ್ಯಮ ಇಲ್ಲ, ಕೈಗಾರಿಕೆ ಇಲ್ಲ, ಹುಡುಗರೆಲ್ಲ ಗಲ್ಫಿಗೆ ಓಡುತ್ತಾರೆ ಎಂದು ಭಾಷಣ ಬಿಗಿಯುವವರಲ್ಲಿ ಒಂದು ಸಣ್ಣ ವಿನಂತಿ. ಒಮ್ಮೆ ಬೆಳಗಿನ ಜಾವ ನಾಲ್ಕು ಗಂಟೆಗೆ ಕೇರಳ ಕರ್ನಾಟಕ ಗಡಿಯ ತಲಪಾಡಿ ಟೋಲ್‌ಗೇಟಿನ ಹತ್ತಿರ ಬಂದು ನಿಲ್ಲಿ. ಉಪ್ಪಳ, ಹೊಸಂಗಡಿ, ಮಂಜೇಶ್ವರ, ವರ್ಕಾಡಿ ಕಡೆಯಿಂದ ಉದ್ಯಮಿಗಳು ಒಬ್ಬೊಬ್ಬರಾಗಿ ಮಂಗಳೂರಿಗೆ ಹೊರಟಿರುತ್ತಾರೆ. ಮನೆ ಕೇರಳದಲ್ಲಿ, ಕಾರಿನ ನಂಬರು ಕೆಎ 19. ಹಳದಿ ಬೋರ್ಡು. ಕಣ್ಣಲ್ಲಿ ಅರ್ಧ ನಿದ್ದೆ. ಡ್ಯಾಶ್‌ಬೋರ್ಡಿನ ಮೇಲೆ ಒಂದು ಫೋನು. ಆ ಫೋನಿನೊಳಗೆ ಅವರ ಸಾಮ್ರಾಜ್ಯ.

ಇವರನ್ನು ಡ್ರೈವರ್ ಅಂದರೆ ಕ್ಯಾಬ್ ಆ್ಯಪಿನ ಕಂಪನಿಗೆ ಬೇಜಾರಾಗುತ್ತದೆ. ಅವರು ಪಾರ್ಟ್ನರ್. ಕೆಲಸಕ್ಕೆ ಸೇರುವಾಗ ಫೋನಿನಲ್ಲಿ ಇಂಗ್ಲಿಷಿನ ಉದ್ದದ ಒಪ್ಪಂದ ಒಂದು ಬಂದಿತ್ತಲ್ಲ, ಬೆರಳಿನಿಂದ ಸರ್ರನೆ ಕೆಳಗೆ ತಳ್ಳಿ ಓಕೆ ಒತ್ತಿದ್ದು? ಅದರಲ್ಲಿ ಹಾಗೇ ಬರೆದಿರುತ್ತದೆ. ಇವರು ಸ್ವತಂತ್ರ ಗುತ್ತಿಗೆದಾರರು, ಯಾರ ನೌಕರರೂ ಅಲ್ಲ. ಕಂಪನಿ ಕಾರು ಓಡಿಸುವುದಿಲ್ಲ, ಬಾಡಿಗೆಗೂ ಬಿಡುವುದಿಲ್ಲ. ಗಿರಾಕಿಗೂ ಉದ್ಯಮಿಗೂ ಪರಿಚಯ ಮಾಡಿಸಿಕೊಡುತ್ತದೆ, ಅಷ್ಟೇ. ಪರಿಚಯದ ಖರ್ಚು ಎಂದು ಸ್ವಲ್ಪ ಹಿಡಿದುಕೊಳ್ಳುತ್ತದೆ.

ಉದ್ಯಮಿಯ ಸ್ವಾತಂತ್ರ್ಯ ಅಪಾರ. ಯಾವಾಗ ಬೇಕಾದರೂ ಲಾಗಿನ್ ಆಗಬಹುದು, ಯಾವಾಗ ಬೇಕಾದರೂ ಆಫ್‌ಲೈನ್ ಹೋಗಬಹುದು. ಹೋದರೆ ಆ ದಿನದ ಇನ್ಸೆಂಟಿವ್ ಹೋಯಿತು, ಬೇರೇನಿಲ್ಲ. ಬೇಡದ ಟ್ರಿಪ್ ಕ್ಯಾನ್ಸಲ್ ಮಾಡಬಹುದು. ಮಾಡಿದರೆ ‘ನಿಮ್ಮ ಕ್ಯಾನ್ಸಲ್ ಜಾಸ್ತಿಯಾಗಿದೆ’ ಎಂದು ಮೆಸೇಜ್ ಬರುತ್ತದೆ. ಆಮೇಲೆ ಕ್ಯಾನ್ಸಲ್ ಮಾಡುವುದಕ್ಕೂ ಟ್ರಿಪ್ ಸಿಗುವುದಿಲ್ಲ.

ಮಧ್ಯಾಹ್ನ ಬಜ್ಪೆ ವಿಮಾನ ನಿಲ್ದಾಣದ ಹೊರಗೆ ಹೋಗಿ ನೋಡಿ. ಉದ್ಯಮಿ ಸೀಟು ಹಿಂದಕ್ಕೆ ಬಾಗಿಸಿ, ಒಂದು ಕಾಲನ್ನು ಕಿಟಕಿಯಿಂದ ಹೊರಗೆ ಚಾಚಿ, ಎದೆಯ ಮೇಲೆ ಫೋನಿಟ್ಟುಕೊಂಡು ಮಲಗಿರುತ್ತಾನೆ. ಎಸಿ ಹಾಕಿದರೆ ಡೀಸೆಲ್ಲು ಅವನ ತಲೆಗೆ. ಹಾಕದಿದ್ದರೆ ಮಂಗಳೂರಿನ ಸೆಕೆ. ಫೋನು ಕಿರುಚುತ್ತದೆ. ಎಚ್ಚರಾಗಿ, ಕನ್ನಡಕ ಹುಡುಕಿ, ಒತ್ತಲು ಇರುವುದು ಕೆಲವೇ ಸೆಕೆಂಡು. ಒತ್ತುತ್ತಾನೆ. ಪಿಕಪ್ಪಿಗೆ ನಾಲ್ಕು ಕಿಲೋಮೀಟರ್ ಹೋಗಬೇಕು. ಡ್ರಾಪ್ ಅಲ್ಲಿಂದ ಎರಡು ಕಿಲೋಮೀಟರ್. ಆಗ ಉದ್ಯಮಿ ಒಂದು ಮಾತು ಹೇಳುತ್ತಾನೆ. ಅದನ್ನು ಇಲ್ಲಿ ಅಚ್ಚು ಹಾಕುವ ಹಾಗಿಲ್ಲ.

ಒಂದು ದಿನ ಬೆಳಗ್ಗೆ ಫೋನು ತೆಗೆದರೆ ಐಡಿ ಬ್ಲಾಕ್. ಹಿಂದಿನ ರಾತ್ರಿ ದೇರಳಕಟ್ಟೆಯಿಂದ ಹತ್ತಿದ ಗಿರಾಕಿ ಏನೋ ಕಂಪ್ಲೇಂಟ್ ಕೊಟ್ಟಿರಬೇಕು. ಏನು ಕಂಪ್ಲೇಂಟ್? ಹೇಳುವವರಿಲ್ಲ. ಚಾಟ್‌ನಲ್ಲಿ ಕೇಳಿದರೆ ‘ನಿಮ್ಮ ಅನಿಸಿಕೆ ನಮಗೆ ಮುಖ್ಯ’ ಎಂಬ ಉತ್ತರ ತಕ್ಷಣ ಬರುತ್ತದೆ. ಬರೆಯುವುದು ಮನುಷ್ಯನಾಗಿದ್ದರೆ ಅಷ್ಟು ಬೇಗ ಬರುತ್ತಿರಲಿಲ್ಲ. ತನ್ನ ಸ್ವಂತ ಉದ್ಯಮದಿಂದ ತಾನೇ ಡಿಸ್ಮಿಸ್ ಆಗುವ ಭಾಗ್ಯ ಜಗತ್ತಿನ ಎಷ್ಟು ಉದ್ಯಮಿಗಳಿಗಿದೆ ಹೇಳಿ. ದುಬೈಯಿಂದ ವಾಪಸ್ ಬಂದು ಕಾರು ಹಾಕಿದವರು ನಮ್ಮಲ್ಲಿ ತುಂಬ ಮಂದಿ. ಅಲ್ಲಿ ಅರಬಾಬ್, ಅಂದರೆ ಧಣಿ, ಬೈದರೂ ಅವನ ಮುಖವಾದರೂ ಕಾಣುತ್ತಿತ್ತು ಎನ್ನುತ್ತಾರೆ ಅವರು.

ಈಗ ವರ್ಕಾಡಿಯ ಒಂದು ಮನೆಗೆ ಬನ್ನಿ. ಕಾಲ್ಪನಿಕ ಎಂದುಕೊಳ್ಳಿ, ಆದರೆ ಗಡಿಯ ಈಚೆ ಆಚೆ ಇಂಥ ಮನೆಗಳಿಗೆ ಲೆಕ್ಕವಿಲ್ಲ. ಮಗ ನಮ್ಮ ಉದ್ಯಮಿ. ಅಮ್ಮ ಬೀಡಿ ಕಟ್ಟಿ ಅವನನ್ನು ಓದಿಸಿದವರು. ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ತಡ್ಪೆ ಎಂಬ ಮೊರ ಇಟ್ಟುಕೊಂಡು ಈಗಲೂ ಬೀಡಿ ಕಟ್ಟುತ್ತಾರೆ. ಒದ್ದೆ ಎಲೆಯನ್ನು ಕತ್ತರಿಯಲ್ಲಿ ಅಳತೆಗೆ ಕತ್ತರಿಸಿ, ಚಿಟಿಕೆ ಹೊಗೆಸೊಪ್ಪು ಸುರಿದು, ಸುತ್ತಿ, ತುದಿ ಮಡಚಿ, ನೂಲು ಬಿಗಿಯುವುದು. ಕಣ್ಣು ಟಿವಿಯ ಮೇಲಿರುತ್ತದೆ. ಬೆರಳು ಕೆಲಸ ಮಾಡುತ್ತಿರುತ್ತದೆ. ಮಗ ಕಾರು ತಂದ ದಿನ ಹೀಗೆ ಮಾತಾಯಿತು.

“ಅಮ್ಮಾ, ಇನ್ನು ನಾನು ಯಾರ ಕೈಕೆಳಗೂ ಅಲ್ಲ. ನಾನೇ ಬಾಸ್.”

“ಹೌದಾ ಮಗಾ? ಹಾಗಾದರೆ ಬಾಡಿಗೆ ಇಷ್ಟು ಅಂತ ನೀನೇ ಹೇಳುವುದಾ?”

“ಇಲ್ಲ, ಅದು ಆ್ಯಪ್ ಹೇಳುತ್ತದೆ.”

“ಗಿರಾಕಿಯನ್ನು ನೀನೇ ನೋಡಿಕೊಳ್ಳುವುದಾ?”

“ಅದೂ ಆ್ಯಪೇ.”

“ಕಾರು?”

“ಅದು ನನ್ನದೇ. ಅಂದರೆ ಬ್ಯಾಂಕಿನದ್ದು. ಕಂತು ನನ್ನದು.”

ಅಮ್ಮ ನೂಲು ಬಿಗಿದು ಬೀಡಿಯನ್ನು ತಡ್ಪೆಗೆ ಹಾಕಿದರು. “ನಮಗೆ ಎಲೆ ಹೊಗೆಸೊಪ್ಪನ್ನಾದರೂ ಕಂಪನಿಯವರೇ ಕೊಡುತ್ತಿದ್ದರು.”

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಅಮ್ಮ ಕಂಪನಿಯ ಗೇಟು ನೋಡಿದವರಲ್ಲ. ಅಡುಗೆ ಆದ ಮೇಲೆ, ದನಕ್ಕೆ ಹುಲ್ಲು ಹಾಕಿದ ಮೇಲೆ, ತನಗೆ ಪುರುಸೊತ್ತಾದಾಗ ಕಟ್ಟಿದವರು. ಇಂದು ಬೇಡ ಎನಿಸಿದರೆ ಕಟ್ಟಲಿಲ್ಲ. ಮೇಲ್ವಿಚಾರಕ ಬಂದು ಪಕ್ಕದಲ್ಲಿ ಕೂತಿರಲಿಲ್ಲ. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ನಡುವೆ ಒಬ್ಬ ಕಂಟ್ರಾಕ್ಟರ್, ಅವನ ಬ್ರಾಂಚು. ಸ್ವತಂತ್ರ ಗುತ್ತಿಗೆದಾರ ಎಂದು ಯಾರನ್ನಾದರೂ ಕರೆಯುವುದಿದ್ದರೆ ಈ ಅಮ್ಮನನ್ನೇ ಕರೆಯಬೇಕಿತ್ತು. ಬೀಡಿ ಕಂಪನಿಗಳು ಹಾಗೆ ಕರೆದೂ ನೋಡಿದವು. ಕಾನೂನು ಒಪ್ಪಲಿಲ್ಲ.

1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಎಂದು ಬರೆಯಿತು. ಕಂಪನಿಗಳು ಸುಪ್ರೀಂ ಕೋರ್ಟಿನ ತನಕ ಹೋದವು. 1974ರಲ್ಲಿ ತೀರ್ಪು ಬಂತು, ಕಾಯ್ದೆ ಉಳಿಯಿತು. ಆ ಕೇಸಿನ ಹೆಸರಿನಲ್ಲೇ ಮಂಗಳೂರು ಇದೆ ಎಂಬುದು ನಮ್ಮ ಹೆಮ್ಮೆ. 1977ರಲ್ಲಿ ಬೀಡಿಗೂ ಪಿಎಫ್ ಬಂತು. ಮತ್ತೆ ಕೋರ್ಟು. ಮನೆಯಲ್ಲಿ ಕಟ್ಟುವವರ ಮೇಲೆ ನಮಗೆ ಹಿಡಿತವೇ ಇಲ್ಲವಲ್ಲ, ಅವರು ಹೇಗೆ ನಮ್ಮ ನೌಕರರು ಎಂಬುದು ವಾದ. 1985ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಉತ್ತರ ಸರಳ. ಕಟ್ಟಿ ತಂದ ಬೀಡಿಯನ್ನು ನೋಡಿ, ಇದು ಸರಿಯಿಲ್ಲ ಎಂದು ತೆಗೆದು ಹಾಕುವ ಅಧಿಕಾರ ನಿಮ್ಮಲ್ಲಿದೆ, ಹಿಡಿತಕ್ಕೆ ಅಷ್ಟು ಸಾಕು.

ಬೀಡಿ ರಿಜೆಕ್ಟ್ ಆದದ್ದು ಅನ್ಯಾಯ ಎನಿಸಿದರೆ ದೂರು ಕೊಡಲು ಅದೇ ಕಾಯ್ದೆಯಲ್ಲಿ ದಾರಿಯೂ ಇತ್ತು. ಮಗನಿಗೆ ಗಿರಾಕಿ ಒಂದು ಸ್ಟಾರ್ ಕೊಟ್ಟರೆ ದೂರು ಕೊಡಲು ಇರುವುದು ಅದೇ ಚಾಟ್. ಅನಿಸಿಕೆ ಮುಖ್ಯ ಎನ್ನುವ ಚಾಟ್.

ಅಂದರೆ ಲೆಕ್ಕ ಹೀಗಾಯಿತು. ಜಗಲಿಯಲ್ಲಿ ಟಿವಿ ನೋಡುತ್ತಾ ಬೀಡಿ ಕಟ್ಟುವ ಅಮ್ಮ ಕಂಪನಿಯ ಹಿಡಿತದಲ್ಲಿರುವ ಕಾರ್ಮಿಕೆ. ಆಕಾಶದ ಉಪಗ್ರಹ ಪ್ರತಿ ಸೆಕೆಂಡು ನೋಡುತ್ತಿರುವ, ಎಡಕ್ಕೆ ತಿರುಗು ಬಲಕ್ಕೆ ತಿರುಗು ಎಂದು ಹೇಳಿಸಿಕೊಳ್ಳುವ, ಮುಗುಳ್ನಗೆಗೂ ಮಾರ್ಕು ಬೀಳುವ ಮಗ ಮಾತ್ರ ಯಾರ ಹಿಡಿತಕ್ಕೂ ಸಿಗದ ಸ್ವತಂತ್ರ ಪುರುಷ.

ಬೀಡಿಯವರಿಗೆ ಸುಖವಿತ್ತು ಅಂತಲ್ಲ. ಹೊಗೆಸೊಪ್ಪಿನ ಧೂಳು ಕುಡಿದು ಕೆಮ್ಮುವವರು ಪ್ರತಿ ಊರಲ್ಲಿದ್ದಾರೆ. ಪಿಎಫ್ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳಲು ವರ್ಷಗಟ್ಟಲೆ ಅಲೆದವರೂ ಇದ್ದಾರೆ. ಪಿಎಫ್ ಪೆನ್ಶನ್ ತಿಂಗಳಿಗೆ ಕನಿಷ್ಠ 1,000 ರೂಪಾಯಿ ಎಂದು 2014ರಲ್ಲಿ ಆದದ್ದನ್ನೇ ಕೆಲವರು ಹಬ್ಬವೆಂದರು. ಆದರೂ ಇವರು ಕಾರ್ಮಿಕರೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಅಲ್ವಾ?

ಕಾಯ್ದೆ ಬಂದಾಗ ಕಂಪನಿಗಳು ಏನು ಮಾಡುತ್ತವೆ ಎಂಬುದಕ್ಕೂ ನಮ್ಮ ಕಡೆಯಲ್ಲೇ ಉತ್ತರವಿದೆ. 1968ರಲ್ಲಿ ಕೇರಳದಲ್ಲಿ ಬೀಡಿ ಕಾಯ್ದೆ ಜಾರಿಗೆ ಬರುವಾಗ ಮಂಗಳೂರಿನ ದೊಡ್ಡ ಕಂಪನಿ ಕಣ್ಣೂರು ಕಡೆಯ ಕೆಲಸವನ್ನೇ ಮುಚ್ಚಿ ಗಡಿಯಾಚೆ ಹೋಯಿತು. ಸುಮಾರು 12,000 ಜನರ ಕೆಲಸ ಹೋಯಿತು. ಮರುವರ್ಷ, 1969ರಲ್ಲಿ, ಅವರೇ ಸೇರಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಅಂದು ಗಡಿ ದಾಟಲು ಕಂಪನಿಗೆ ಲಾರಿ ಬೇಕಿತ್ತು. ಇಂದಿನ ಕಂಪನಿ ಲಾರಿಯ ಖರ್ಚನ್ನೂ ಉಳಿಸಿದೆ, ಅದು ಎಲ್ಲಿಯೂ ಇಲ್ಲ.

ಕೋಯಿಕ್ಕೋಡಿನ ಹಗ್ಗದ ಕಾರ್ಖಾನೆಯೊಂದರ ಕೇಸನ್ನೂ ಹೇಳಿಬಿಡುತ್ತೇನೆ, ನಮ್ಮ ರಾಜ್ಯದ್ದೇ ಅಲ್ವಾ. ಇವರು ನನ್ನ ಆಳುಗಳಲ್ಲ, ಕಂಟ್ರಾಕ್ಟರಿನವರು ಎಂದು ಮಾಲೀಕ ಹೇಳಿದ್ದ. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಪರದೆ ಎತ್ತಿ ನೋಡಿ ಎಂದರು. ಯಾರು ಕೈ ಬಿಟ್ಟರೆ ಕೆಲಸಗಾರನ ಅನ್ನ ನಿಲ್ಲುತ್ತದೋ ಅವನೇ ಮಾಲೀಕ ಎಂಬುದು ಅವರ ಮಾತಿನ ಸಾರ. ಐಡಿ ಬ್ಲಾಕ್ ಆದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮದನ್ನು ನಾವು ಮರೆತರೂ ಲಂಡನ್ನಿನವರು ಸುಮ್ನೆ ಕೂರಲಿಲ್ಲ. ಊಬರಿನ ಡ್ರೈವರುಗಳು ಅಲ್ಲಿ ಕೇಸು ಹಾಕಿದರು. ಲಂಡನ್ನಿನಲ್ಲಿ 30,000 ಸಣ್ಣ ಸಣ್ಣ ವ್ಯಾಪಾರಗಳಿವೆ, ಅವೆಲ್ಲವನ್ನು ಒಂದು ಆ್ಯಪ್ ಜೋಡಿಸಿದೆ ಎಂಬ ಮಾತು ಕೇಳಿದರೆ ನಗು ಬರುತ್ತದೆ ಎಂಬರ್ಥದಲ್ಲಿ 2016ರಲ್ಲಿ ಅಲ್ಲಿನ ನ್ಯಾಯಮಂಡಳಿ ಬರೆಯಿತು. 2021ರ ಫೆಬ್ರವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಬಾಡಿಗೆ ಗೊತ್ತು ಮಾಡುವುದು ಕಂಪನಿ, ಷರತ್ತು ಹಾಕುವುದು ಕಂಪನಿ, ರೇಟಿಂಗ್ ಹಿಡಿದು ಬಗ್ಗಿಸುವುದು ಕಂಪನಿ. ಹಾಗಿರುವಾಗ ಇವರು ಎಂಥ ಉದ್ಯಮಿಗಳು? ಪೂರ್ತಿ ನೌಕರ ಎನ್ನಲಿಲ್ಲ, ‘ವರ್ಕರ್’ ಎಂಬ ನಡುವಿನ ಮಣೆ ಕೊಟ್ಟರು. ಕನಿಷ್ಠ ಕೂಲಿ, ಸಂಬಳದ ರಜೆ ಸಿಕ್ಕಿತು. ಲಾಗಿನ್ ಆಗಿ ಕಾದು ಕೂತ ಹೊತ್ತೂ ಕೆಲಸವೇ ಎಂದರು. ಬಜ್ಪೆಯಲ್ಲಿ ಕಾಲು ಚಾಚಿ ಮಲಗಿದವನಿಗೆ ಇದನ್ನು ಹೇಳಿದರೆ, ಎದ್ದು ಕೂತು ಲಂಡನ್ನಿಗೆ ವೀಸಾ ಎಷ್ಟು ಎಂದು ಕೇಳಿಯಾನು.

ಕ್ಯಾಲಿಫೋರ್ನಿಯಾದ್ದು ಇನ್ನೂ ಸ್ವಾರಸ್ಯ. 2019ರಲ್ಲಿ ಅಲ್ಲಿನ ಶಾಸನಸಭೆ ಇಂಥವರನ್ನು ನೌಕರರೆಂದೇ ಎಣಿಸುವ ಕಾಯ್ದೆ ಮಾಡಿತು. ಕಂಪನಿಗಳು ಮರುವರ್ಷವೇ ಜನಮತಗಣನೆಗೆ ಹೋದವು. ಡ್ರೈವರುಗಳು ನೌಕರರಲ್ಲ ಎಂದು ಮತದಾರರಿಗೆ ತಿಳಿಹೇಳಲು ಸುರಿದದ್ದು 20 ಕೋಟಿ ಡಾಲರಿಗೂ ಜಾಸ್ತಿ. ಗೆದ್ದವು. 2024ರ ಜುಲೈಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಆ ಗೆಲುವನ್ನು ಉಳಿಸಿತು. ನಮ್ಮವರಲ್ಲದವರಿಗಾಗಿ ಇಷ್ಟು ಹಣ ಖರ್ಚು ಮಾಡುವ ಉದಾರಿಗಳು ಬೇರೆ ಯಾರಿದ್ದಾರೆ?

ನಮ್ಮ ದೇಶದ ಕತೆಗೆ ಬಂದರೆ, ಇಲ್ಲಿ ಉತ್ತರ ಇಲ್ಲ ಎನ್ನುವ ಹಾಗಿಲ್ಲ. ಒಂದೊಂದು ಕಚೇರಿಯಲ್ಲಿ ಒಂದೊಂದು ಉತ್ತರವಿದೆ.

ಜಿಎಸ್‌ಟಿಯವರನ್ನು ಕೇಳಿ. ಆ್ಯಪ್ ಹಿಡಿದು ಕ್ಯಾಬ್ ಹತ್ತಿದರೆ, ತೆರಿಗೆಯ ಮಟ್ಟಿಗೆ ಆ ಸವಾರಿ ಕೊಟ್ಟದ್ದು ಕಂಪನಿಯೇ. ಅಲ್ಲಿಗೆ ಉದ್ಯಮಿ ಮಾಯ. ಆಗ ಕಂಪನಿಗಳು ಹೊಸ ದಾರಿ ಹಿಡಿದವು: ಕಮಿಷನ್ ಬೇಡ, ದಿನಕ್ಕಿಷ್ಟು ಕಟ್ಟಿ, ನಾವು ಬರೀ ಸಾಫ್ಟ್‌ವೇರ್ ಕೊಡುವವರು. ಇದಕ್ಕೆ ತೆರಿಗೆ ಉಂಟಾ ಎಂದು ಕೇಳಿದಾಗ ಕರ್ನಾಟಕದ ಪ್ರಾಧಿಕಾರ 2023ರಲ್ಲಿ ಒಂದು ಆ್ಯಪಿಗೆ ಇಲ್ಲ ಎಂದಿತು. 2024ರಲ್ಲಿ ಇನ್ನೊಂದಕ್ಕೆ ಉಂಟು ಎಂದಿತು.

ಹೈಕೋರ್ಟನ್ನು ಕೇಳಿ. ಕ್ಯಾಬಿನಲ್ಲಿ ಕಿರುಕುಳ ಅನುಭವಿಸಿದ ಮಹಿಳೆಯೊಬ್ಬರು ಕಂಪನಿಗೆ ದೂರು ಕೊಟ್ಟಾಗ, ಡ್ರೈವರ್ ನಮ್ಮ ನೌಕರನೇ ಅಲ್ಲ ಎಂದು ಕಂಪನಿ ಕೈ ತೊಳೆದುಕೊಂಡಿತು. 2024ರ ಸೆಪ್ಟೆಂಬರ್ 30ರಂದು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ, ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆಯ ಮಟ್ಟಿಗೆ ಅವನು ನೌಕರನೇ ಎಂದು ಹೇಳಿ, ಆಕೆಗೆ 5 ಲಕ್ಷ ಪರಿಹಾರ ಕೊಡಲು ಆದೇಶಿಸಿತು. ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠದಿಂದ ತಡೆ ಬಂತು. ಡ್ರೈವರನ ಹೊಣೆಯೂ ಬೇಡ, ಗಿರಾಕಿಯ ಹೊಣೆಯೂ ಬೇಡ. ಪರಿಚಯ ಮಾಡಿಸಿದ ಖರ್ಚು ಮಾತ್ರ ಸರಿಯಾಗಿ ಬರಬೇಕು.

ಕೇಂದ್ರ ಸರ್ಕಾರವನ್ನು ಕೇಳಿ. 2020ರ ಸಾಮಾಜಿಕ ಭದ್ರತಾ ಸಂಹಿತೆ ಇಂಥವರಿಗೊಂದು ಹೆಸರು ಕೊಟ್ಟಿದೆ, ಗಿಗ್ ವರ್ಕರ್. ಮಾಲೀಕ ನೌಕರ ಎಂಬ ಮಾಮೂಲಿ ಸಂಬಂಧದ ಹೊರಗೆ ದುಡಿಯುವವರು ಎಂಬುದು ಅರ್ಥ. ಜಗಳ ಇದ್ದದ್ದೇ ಒಳಗೋ ಹೊರಗೋ ಎಂದು. ಸಂಹಿತೆ ಹೊರಗೆ ನಿಲ್ಲಿಸಿಯೇ ಮಾತು ಶುರು ಮಾಡಿತು. ಇವರ ಭದ್ರತೆಗೆಂದು ಕಂಪನಿಗಳು ವಹಿವಾಟಿನ ಒಂದರಿಂದ ಎರಡು ಶೇಕಡಾ ಕೊಡಬೇಕು, ಅದೂ ಇವರಿಗೆ ಕೊಟ್ಟ ಹಣದ ಶೇಕಡಾ 5ನ್ನು ಮೀರಬಾರದು. 2020ರಲ್ಲಿ ಪಾಸಾದ ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಐದು ವರ್ಷ ಅದೂ ಲಾಗಿನ್ ಆಗಿ ಕಾದು ಕೂತಿತ್ತು, ಆ ಹೊತ್ತಿಗೂ ಯಾರೂ ದುಡ್ಡು ಕೊಡಲಿಲ್ಲ.

ಆ ಡಿಸೆಂಬರಿನ ಕೊನೆಗೆ ಕರಡು ನಿಯಮ ಬಂತು. ಸವಲತ್ತು ಬೇಕಾದರೆ ವರ್ಷದಲ್ಲಿ ಒಂದೇ ಕಂಪನಿಗೆ 90 ದಿನ, ಇಲ್ಲವೇ ಹಲವು ಕಂಪನಿಗಳಿಗೆ ಸೇರಿ 120 ದಿನ ದುಡಿದಿರಬೇಕು. ಒಂದೇ ದಿನ ಮೂರು ಕಂಪನಿಗಳಿಗೆ ದುಡಿದರೆ ಅದು ಮೂರು ದಿನ ಎಂದು ಲೆಕ್ಕ. ಅಂದರೆ ಬೆಳಗ್ಗೆ ಒಂದು ಆ್ಯಪ್, ಮಧ್ಯಾಹ್ನ ಇನ್ನೊಂದು, ರಾತ್ರಿ ಮತ್ತೊಂದು ಓಡಿಸಿದವನಿಗೆ ಸರ್ಕಾರದ ಲೆಕ್ಕದಲ್ಲಿ ಒಂದೇ ಹಗಲಿನಲ್ಲಿ ಮೂರು ದಿನ ಕಳೆಯುತ್ತದೆ. ಅವನ ಸೊಂಟವನ್ನು ಕೇಳಿದರೆ ಅದು ನಾಲ್ಕು ಎನ್ನುತ್ತದೆ.

ಸುಪ್ರೀಂ ಕೋರ್ಟನ್ನು ಕೇಳೋಣ ಎಂದು ಆ್ಯಪ್ ಡ್ರೈವರುಗಳ ಸಂಘದವರು 2021ರಲ್ಲೇ ಅರ್ಜಿ ಹಾಕಿದ್ದಾರೆ. ಕಾಯಲಿ. ಚಂದ್ರಗಿರಿ ಹೊಳೆಯ ಉತ್ತರದ ನೆಲ ಕರ್ನಾಟಕಕ್ಕೆ ಸೇರಬೇಕು ಎಂದು ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಬರೆದದ್ದನ್ನು ಕಾಯುತ್ತಿರುವವರು ನಾವು. ಕಾಯುವ ವಿಷಯದಲ್ಲಿ ಕಾಸರಗೋಡಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಕರ್ನಾಟಕ ಸರ್ಕಾರ ಮಾತ್ರ ಸ್ವಲ್ಪ ಕೆಲಸ ಮಾಡಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. 2025ರ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ ಪ್ರತಿ ಪಾವತಿಯ ಮೇಲೆ 1ರಿಂದ 5 ಶೇಕಡಾ ಕ್ಷೇಮ ಶುಲ್ಕ ಇದೆ. ಕೆಲಸದಿಂದ ತೆಗೆಯುವುದಾದರೆ ಕಾರಣ ಬರೆದುಕೊಟ್ಟು 14 ದಿನದ ನೋಟಿಸ್ ಕೊಡಬೇಕು ಎಂದಿದೆ. ನಮ್ಮ ಉದ್ಯಮಿಗೆ ಇದು ಕೇಳಿ ಖುಷಿಯಾಯಿತು, ಆಮೇಲೆ ಒಂದು ಸಂಶಯ ಬಂತು. “ಮಂಗಳೂರಿನಿಂದ ಮಂಜೇಶ್ವರಕ್ಕೆ ಡ್ರಾಪ್ ಸಿಕ್ಕಿದರೆ, ತಲಪಾಡಿ ದಾಟಿದ ಮೇಲೆ ನಾನು ಕಾರ್ಮಿಕನೋ ಅಲ್ಲವೋ ಮಾರಾಯ್ರೇ?” ಎಂದು ಕೇಳಿದ. ಟೋಲ್‌ಗೇಟಿನಲ್ಲಿ ವಿಚಾರಿಸು ಎಂದೆ. ಅಲ್ಲಿ ಫಾಸ್ಟ್‌ಟ್ಯಾಗ್ ಒಂದನ್ನೇ ನೋಡುವುದಂತೆ.

ಗಡಿಯ ಈಚೆ ಕೆಎಲ್ 14 ನಂಬರಿನ ಟ್ಯಾಕ್ಸಿಯವರಿಗೆ ಇಂಥ ಸಂಶಯವೇ ಇಲ್ಲ. 1985ರಿಂದ ಕೇರಳದಲ್ಲಿ ಮೋಟಾರು ಕಾರ್ಮಿಕರ ಕ್ಷೇಮನಿಧಿ ಇದೆ. ಅದರ ಕಂತು ಕಟ್ಟದಿದ್ದರೆ ಗಾಡಿಯ ಟ್ಯಾಕ್ಸನ್ನೇ ತೆಗೆದುಕೊಳ್ಳುವುದಿಲ್ಲ. ಸ್ವಂತ ಗಾಡಿಯೋ ಬಾಡಿಗೆ ಗಾಡಿಯೋ, ಕಿಟಕಿಯಲ್ಲಿ ಹಣ ಎಣಿಸುವಾಗ ನೀನು ಕಾರ್ಮಿಕ.

ಡ್ರೈವರುಗಳಿಗೇ ನೌಕರಿ ಬೇಡ, ಸ್ವಾತಂತ್ರ್ಯ ಬೇಕು ಎಂದು ಕಂಪನಿಯವರು ಹೇಳುತ್ತಾರೆ. ಇದರಲ್ಲಿ ಸುಳ್ಳಿಲ್ಲ. ಊರಲ್ಲಿ ಕೋಲ ಇದ್ದರೆ, ಅಡಿಕೆ ಕೊಯ್ಲಿದ್ದರೆ, ತಂಗಿಯ ಸೀಮಂತ ಇದ್ದರೆ ಆ್ಯಪ್ ಆಫ್ ಮಾಡಿ ಕೂರಬೇಕು ಎಂದು ನಮ್ಮವರೇ ಬಯಸುತ್ತಾರೆ. ಒಂಬತ್ತಕ್ಕೆ ಹಾಜರಿ ಹಾಕಿ ಯೂನಿಫಾರ್ಮ್ ತೊಡು ಎಂದರೆ ಅರ್ಧ ಜನ ಅಂದೇ ಕೀ ಎಸೆದು ಬರುತ್ತಾರೆ. ಆದರೆ ಪಿಎಫ್ ಕೊಟ್ಟರೆ ಸ್ವಾತಂತ್ರ್ಯ ಕೊಡಲಾಗುವುದಿಲ್ಲ, ಎರಡರಲ್ಲಿ ಒಂದೇ ಎಂಬ ಮಾತನ್ನು ವರ್ಕಾಡಿಯ ಜಗಲಿಯಲ್ಲಿ ಹೇಳಿ ನೋಡಿ. ಕೋಲದ ದಿನ ಅಮ್ಮ ತಡ್ಪೆಯನ್ನು ಅಟ್ಟಕ್ಕೇರಿಸಿದ್ದಕ್ಕೆ ಯಾವ ಪಿಎಫ್ ಕಚೇರಿಯೂ ಅವರ ಹೆಸರು ಹೊಡೆದುಹಾಕಲಿಲ್ಲ.

ಇತ್ತೀಚೆಗೆ ನಮ್ಮ ಉದ್ಯಮಿಗೆ ಹೆಣ್ಣು ನೋಡಲು ಶುರು ಮಾಡಿದ್ದಾರೆ. ಹುಡುಗ ಏನು ಮಾಡುತ್ತಾನೆ ಎಂಬ ಜಾಗದಲ್ಲಿ ಬ್ರೋಕರ್ ಮೊದಲು ಡ್ರೈವರ್ ಎಂದು ಬರೆದಿದ್ದ. ಎರಡು ಮನೆಯವರು ಬೇಡ ಅಂದ ಮೇಲೆ ಅದನ್ನು ಹೊಡೆದು ‘ಸ್ವಂತ ಬಿಸಿನೆಸ್’ ಎಂದು ತಿದ್ದಿದ. ಪುತ್ತೂರು ಕಡೆಯ ಮನೆಯವರು ಬಂದರು. ಹುಡುಗಿಯ ಸೋದರಮಾವ ಸ್ವಲ್ಪ ವಿಚಾರವಂತರು. ಕಾಫಿ ಕುಡಿಯುತ್ತಾ ಕೇಳಿದರು.

“ಬಿಸಿನೆಸ್ ಅಂದರೆ, ಕೈಕೆಳಗೆ ಎಷ್ಟು ಜನ ಇದ್ದಾರೆ?”

“ಒಬ್ಬ” ಎಂದ ಬ್ರೋಕರ್.

“ಯಾರು?”

“ಇವನೇ.”

ಮಾವ ಲೋಟ ಕೆಳಗಿಟ್ಟರು. “ಅಂದರೆ ಕಂಪನಿ ಕೆಲಸ ಅನ್ನಿ. ಆಗಲಿ, ಅದೂ ಒಳ್ಳೆಯದೇ. ಪಿಎಫ್ ಎಲ್ಲ ಉಂಟಲ್ಲ?”

ಉದ್ಯಮಿ ಬ್ರೋಕರನ ಮುಖ ನೋಡಿದ. ಬ್ರೋಕರ್ ಹಲಸಿನ ಹಪ್ಪಳದ ತಟ್ಟೆ ನೋಡಿದ. ಬಾಗಿಲ ಹತ್ತಿರ ನಿಂತಿದ್ದ ಅಮ್ಮ ಸೆರಗು ಸರಿ ಮಾಡಿಕೊಂಡು ಹೇಳಿದರು: “ನನಗೆ ಉಂಟು.”